ಗೆದ್ದಲು ತಿನ್ನದ ಕಾಗದ

ಆಗ ನನಗೆ ಅರವತ್ತು. ಈಗ್ಗೆ ಎಂಟು ವರ್ಷವಾಯಿತು. ನರಸಿಂಹರಾಜಪುರಕ್ಕೆ ಕೊಟ್ಟ ಕಿರಿಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಆಸ್ಪತ್ರೆಯವರು ನಾಳೆ ಸಂಜೆ ಬಿಡುತ್ತೇವೆ ಎಂದಿದ್ದರು. ಬಾಣಂತನಕ್ಕೆ ಬರುವುದು ನೆಮ್ಮಾರಿನ ನಮ್ಮ ಮನೆಗೆ. ಅವಳಿಗೆಂದು ಇಟ್ಟ ಒಳಕೋಣೆಯೋ, ಬೂಷ್ಟಿನ ನಾತ. ಗೋಡೆಯ ಹಳೇ ಕಾಗದ ಕಿತ್ತು ಸುಣ್ಣ ಹೊಡೆಸೋಣ ಎಂದು ಕೊಪ್ಪದ ಸಾಬರೊಬ್ಬರನ್ನು ಕರೆಸಿದೆ. ಗಾರೆ ಕೆಲಸದವರು.

ಅದು ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆ. ಮಣ್ಣು ಉದುರುತ್ತದೆಂದು ನನ್ನ ಅತ್ತೆ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಅದರ ಮೇಲೆ ಒಂದು ಪದರ ಪೇಪರು ಅಂಟಿಸುತ್ತಿದ್ದಳು. ಶೃಂಗೇರಿಯ ಲಾಡ್ಜೊಂದರಲ್ಲಿ ಕಸ ಗುಡಿಸುವವಳು, ರದ್ದಿಗೆ ಬರವಿರಲಿಲ್ಲ. ಅಂಟಿಸುವ ಗಂಜಿಗೆ, ಅಡಿಕೆಗೆ ಔಷಧಿ ಹೊಡೆದು ಡ್ರಮ್ಮಿನ ತಳದಲ್ಲಿ ಉಳಿದ ಮೈಲುತುತ್ತದ ನೀಲಿ ನೀರು ಬೆರೆಸುತ್ತಿದ್ದಳು. ಯಾಕೆಂದು ಕೇಳಿದರೆ ಬಾಯಿ ಮುಚ್ಚಿಕೊಂಡು ಹಚ್ಚು ಎನ್ನುವಳು. ಅವಳು ಸತ್ತ ಮೇಲೂ ನಾನು ಹಾಗೇ ಹಚ್ಚುತ್ತಾ ಬಂದೆ.

ಸಾಬರು ನೀರು ಹೊಡೆದು ಕೆರೆದರು. ಬರಲಿಲ್ಲ. ಬೆರಳಲ್ಲಿ ಬಡಿದರೆ ಹಲಗೆಯ ಸದ್ದು. ಮೂಲೆಯಲ್ಲಿ ಹಾರೆ ತೂರಿಸಿ ಮೀಟಿದಾಗ ಕಾಗದ ಇಡೀ ಬಾಗಿಲಿನ ಹಾಗೆ ನಮ್ಮ ಕಡೆ ವಾಲಿತು. ಇಬ್ಬರೂ ಹಿಡಿದು ಕೆಳಗಿಳಿಸಿದೆವು.

ಹಿಂದೆ ಗೋಡೆಯೇ ಇರಲಿಲ್ಲ.

ಬಿದಿರನ್ನು ಗೆದ್ದಲು ಪೂರ್ತಿ ತಿಂದು ಮುಗಿಸಿತ್ತು. ಮಣ್ಣು ಕುಸಿದು ಬುಡದಲ್ಲಿ ಗುಡ್ಡೆಯಾಗಿತ್ತು. ಆಚೆಯ ಕೊಟ್ಟಿಗೆಯಿಂದ ಎಮ್ಮೆ ನಮ್ಮನ್ನೇ ನೋಡುತ್ತಿತ್ತು.

"ಇಷ್ಟು ವರ್ಷ ನೀವು ಬೆನ್ನು ಕೊಟ್ಟು ಕೂತಿದ್ದು ಕಾಗದಕ್ಕೆ ಮಾರಾಯ್ರೇ" ಎಂದರು ಸಾಬರು.

ಅದರ ಬೆನ್ನನ್ನು ಬೆಳಕಿಗೆ ತಿರುಗಿಸಿದೆವು. ನವಿಲಿನ ಕತ್ತಿನ ಬಣ್ಣ. ಅದರ ಮೇಲೆಲ್ಲ ಗೆದ್ದಲಿನ ಮಣ್ಣುದಾರಿಗಳು, ಸಾವಿರಾರು. ಎಲ್ಲವೂ ಕಾಗದದವರೆಗೆ ಬಂದಿವೆ, ಮುಟ್ಟಿವೆ, ತಿರುಗಿ ಹೋಗಿವೆ. ಒಂದೂ ಒಳಗೆ ಹೊಕ್ಕಿಲ್ಲ. ಅತ್ತೆ ಬಡಪಾಯಿ ಹೆಂಗಸು, ನನ್ನಷ್ಟೂ ಓದಿದವಳಲ್ಲ. ಹಾಗೆ ಬಾಯಿ ಬಿಟ್ಟುಕೊಂಡು ನಾನು ದೇವರ ಮುಂದೆಯೂ ನಿಂತಿಲ್ಲ. ಕೈಯಿಟ್ಟು ನೋಡಿದೆ. ಕಲ್ಲಿನ ಹಾಗೆ ತಣ್ಣಗಿತ್ತು.

ಮೈಲುತುತ್ತದ ವಿಷಯ ಹೇಳಿದೆ. ಸಾಬರು ಕಾಗದವನ್ನು ಇನ್ನೊಮ್ಮೆ ಬೆರಳಲ್ಲಿ ಬಡಿದು ನೋಡಿದರು. ನಿಮ್ಮತ್ತೆ ಮೇಸ್ತ್ರಿ ಆಗಬೇಕಿತ್ತು ಎಂದರು. ಆಗಿದ್ದಳಲ್ಲ, ನನ್ನ ತಲೆ ಮೇಲೆ, ಎಂದೆ.

ಹೊಸ ಗೋಡೆಗೆ ವಾರ ಬೇಕು ಎಂದರು ಸಾಬರು. ಇದನ್ನೇ ವಾಪಸ್ ನಿಲ್ಲಿಸಿ ಸುಣ್ಣ ಹೊಡೆದರೆ ನಾಳೆಗೇ ಕೋಣೆ ತಯಾರು. ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

"ಕೂಸು ಇದ್ರ ಬುಡದಲ್ಲೇ ಮಲಗ್ತದಲ್ಲ?" ಎಂದು ಕೇಳಿದೆ.

"ಗೆದ್ಲೇ ಬಾಯಿ ಹಾಕ್ಲಿಲ್ಲ. ಇನ್ನು ನೀವೇ ಯೋಚ್ನೆ ಮಾಡಿ."

ಯೋಚನೆ ಮಾಡುವುದೇನು ಬಂತು. ಮಗಳಿಗೆ ಫೋನ್ ಹಾಕಿ, ಕೋಣೆ ಇಲ್ಲ, ಅಡಿಗೆಮನೆಯಲ್ಲಿ ನನ್ನ ಪಕ್ಕ ಮಲಗಬೇಕು ಎಂದೆ. ಹೊಗೆ ಎಂದು ಗೊಣಗಿದಳು. ಗ್ಯಾಸಿನಲ್ಲೇ ಬೇಯಿಸುತ್ತೇನೆ, ಒಲೆ ಹಚ್ಚುವುದಿಲ್ಲ, ಬಾ ಎಂದೆ. ಗಂಡನ ಮನೆಯವರು ಏನು ಅಂದುಕೊಳ್ತಾರೆ ಎಂದಳು. ಏನಾದರೂ ಅಂದುಕೊಳ್ಳಲಿ ಎಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಎದ್ದವಳೇ ಆ ಕಾಗದವನ್ನು ಕೊಡಲಿಯಲ್ಲಿ ಕಡಿದೆ. ಗಂಜಿಯ ರುಚಿಗೆ ಎಮ್ಮೆ ಬಾಯಿ ಹಾಕಬಾರದಲ್ಲ, ಬಾವಿಯಿಂದ ದೂರ, ಗುಡ್ಡದ ಬದಿಯಲ್ಲಿ ಸೊಂಟದಾಳ ಗುಂಡಿ ತೋಡಿ ಅಷ್ಟನ್ನೂ ಹೂತು, ಮೇಲೆ ಕಲ್ಲು ಹೇರಿದೆ.