ಕಣ್ಣು ಕಾಣದವನು ಯಾಕೆ ಕಿರುಚುತ್ತಾನೆ?

ದೊಮ್ಮಲೂರಿನಲ್ಲಿ ನಾನು ಚಿಕ್ಕ ಹುಡುಗಿಯಾಗಿದ್ದಾಗ ನನ್ನ ಪಕ್ಕ ಕೂತು ಸಿನಿಮಾ ನೋಡಲು ಯಾರಿಗೂ ಇಷ್ಟವಿರಲಿಲ್ಲ. ನಾನು ತಿಂಡಿಗೆ ಹಟ ಹಿಡಿಯುವವಳಲ್ಲ, ನಡುವೆ ಎದ್ದು ಹೋಗೋಣ ಎನ್ನುವವಳೂ ಅಲ್ಲ. ಆದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ತೆರೆಯ ಮೇಲೆ ನಾಯಕಿ ಗೋಳೋ ಎಂದು ಅಳುವಾಗ, "ಅಕ್ಕಾ, ಇಷ್ಟೊಂದು ಅತ್ರೂ ಕಾಡಿಗೆ ಯಾಕೆ ಕದಡಿಲ್ಲ?" ಎನ್ನುತ್ತಿದ್ದೆ. ಗುಂಡೇಟು ತಿಂದ ನಾಯಕ ಉದ್ದುದ್ದ ಮಾತಾಡಿದರೆ, "ಅಷ್ಟ್ ಹೊತ್ತಿಗೆ ಆಸ್ಪತ್ರೆಗೇ ಹೋಗ್ಬಹುದಿತ್ತು" ಎನ್ನುತ್ತಿದ್ದೆ. ಹಿಂದಿನ ಸಾಲಿನವರು ಉಶ್ ಎನ್ನುತ್ತಿದ್ದರು. ಅಕ್ಕ ನನ್ನ ತೊಡೆ ಚಿವುಟುತ್ತಿದ್ದಳು.

ಹಲಸೂರಿಗೆ ಹೋದರೆ ತಮಿಳು ಸಿನಿಮಾ, ಶಿವಾಜಿನಗರಕ್ಕೆ ಹೋದರೆ ಹಿಂದಿ ಸಿನಿಮಾ. ಒಮ್ಮೆ ಅಕ್ಕ ನನ್ನನ್ನು ಕಂಟೋನ್ಮೆಂಟ್ ಕಡೆಯ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾಕ್ಕೂ ಕರೆದುಕೊಂಡು ಹೋಗಿದ್ದಳು. ಒಂದು ಮಾತೂ ಅರ್ಥವಾಗಲಿಲ್ಲ. ಅದರಲ್ಲಿ ಒಬ್ಬ ಮುದುಕನಿಗೆ ತಂತಿ ಬರುತ್ತದೆ. ಅವನು ಓದಿ, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುತ್ತಾನೆ. ಅಷ್ಟೇ. ನನಗೆ ಕಣ್ಣೀರು ಧಾರಾಕಾರ ಹರಿಯಿತು. ಆವತ್ತಿನಿಂದ ನನಗೊಂದು ಅಭಿಪ್ರಾಯ ಹುಟ್ಟಿಕೊಂಡಿತು. ನಟ ಜೋರಾಗಿ ಅತ್ತರೆ ನಾನು ಅವನನ್ನು ನೋಡುತ್ತೇನೆ. ಅವನು ಅಳು ತಡೆದುಕೊಂಡರೆ ನಾನೇ ಅಳುತ್ತೇನೆ. ಇದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾ ತಿರುಗಿದೆ. ಅಪ್ಪನಿಗೂ ಹೇಳಿದೆ. ಅದೂ ಹೇಳಬಾರದ ಹೊತ್ತಿನಲ್ಲಿ.

ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡುತ್ತಿದ್ದರು. ಅಲ್ಲಿನ ಕೆಲಸಗಾರರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಅಪ್ಪ ಒಂದು ವರ್ಷ ಸೈನಿಕ, ಒಂದು ವರ್ಷ ಅಂಚೆಯವನು, ಇನ್ನೊಂದು ವರ್ಷ ಹೆಣ. ಆ ವರ್ಷ ಮಾತ್ರ ಮುಖ್ಯ ಪಾತ್ರ ಸಿಕ್ಕಿತ್ತು. ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ. ಅವನ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಆದರೆ ಮನೆಯವರಿಂದ ಅದನ್ನು ಮುಚ್ಚಿಡುತ್ತಾನೆ. ಕೊನೆಯ ದೃಶ್ಯದಲ್ಲಿ ಕೈಯಲ್ಲಿರುವ ಗಡಿಯಾರವೇ ಕಾಣದೆ, ಗುಟ್ಟು ಬಯಲಾಗುತ್ತದೆ. ಆಗ ಅವನು "ಬೆಳಕೇ! ನನ್ನ ಬೆಳಕೇ!" ಎಂದು ಎದೆ ಬಡಿದುಕೊಂಡು ಕಿರುಚಿ ದೊಪ್ಪನೆ ಬೀಳಬೇಕು. ಹಾಗೆ ಹೇಳಿಕೊಟ್ಟವರು ನಾಟಕ ಆಡಿಸುತ್ತಿದ್ದ ಅಪ್ಪನ ಜೊತೆಗಾರರೊಬ್ಬರು. ನಾವೆಲ್ಲ ಅವರನ್ನು ಡೈರೆಕ್ಟರ್ ಮಾಮ ಎಂದು ಕರೆಯುತ್ತಿದ್ದೆವು. ದೊಡ್ಡ ದನಿ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು.

ನಾಟಕದ ಹಿಂದಿನ ಸಂಜೆ ತಿಪ್ಪಸಂದ್ರದ ಶಾಲೆಯೊಂದರಲ್ಲಿ ಕೊನೆಯ ತಾಲೀಮು. ನಾನೂ ಹೋಗಿದ್ದೆ. ಅಪ್ಪ ಕಿರುಚಿ ಬಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಮೊಣಕೈ ಉಜ್ಜಿಕೊಂಡು ಎದ್ದು ನನ್ನ ಕಡೆ ನೋಡಿ, "ಹೇಗಿತ್ತಮ್ಮಾ?" ಎಂದರು.

ನಾನು ಹೇಳಿದೆ, "ಅಪ್ಪಾ, ಕಣ್ಣು ಕಾಣದೋನು ಯಾಕೆ ಕಿರುಚ್ತಾನೆ? ಕಿವಿ ಕೇಳದೋನಾದ್ರೆ ಕಿರುಚ್ಬೇಕು."

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಡೈರೆಕ್ಟರ್ ಮಾಮ ನಗಲಿಲ್ಲ. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಮಗೂನ ಮನೇಲಿ ಬಿಟ್ಟು ಬಾರಪ್ಪ" ಎಂದರು. ಅಪ್ಪನೂ ನಗಲಿಲ್ಲ. ಸೈಕಲ್ಲಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಮರುದಿನ ಭಾನುವಾರ. ನಾನು ಏಳುವಷ್ಟರಲ್ಲಿ ಅಪ್ಪ ಅಂಗಳದಲ್ಲಿ ಓಡಾಡುತ್ತಿದ್ದರು. ಬಾವಿಯ ತನಕ ಹೋಗುವುದು, ತಿರುಗುವುದು, ಹಸುವಿನ ಕೊಟ್ಟಿಗೆಯ ತನಕ ಬರುವುದು, ತಿರುಗುವುದು. ಮುಖಕ್ಷೌರ ಮಾಡಿಕೊಳ್ಳುವಾಗ ಗಲ್ಲ ಕೊಯ್ದುಕೊಂಡರು. ಅಮ್ಮ ಬಿಸಿ ಉಪ್ಪಿಟ್ಟು ತಂದಿಟ್ಟರೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಟ್ಟರು. ಸಾಸಿವೆ, ಕರಿಬೇವಿನ ಘಮ ಮನೆ ತುಂಬಾ ಇತ್ತು. ಯಾರಿಗೂ ತಿನ್ನಲು ಮನಸ್ಸಿರಲಿಲ್ಲ.

ಅಕ್ಕ ನನ್ನ ತಲೆ ಬಾಚುತ್ತಾ ಬೇಕೆಂದೇ ಜಡೆ ಬಿಗಿಯಾಗಿ ಎಳೆದಳು. "ನೆತ್ತಿ ಉರೀತಿದೆ ಕಣೇ" ಎಂದೆ.

"ಉರೀಲಿ. ಎಷ್ಟು ವರ್ಷ ಆದ್ಮೇಲೆ ಅಪ್ಪಂಗೆ ಪಾರ್ಟ್ ಸಿಕ್ಕಿದೆ ಗೊತ್ತಾ? ಇವತ್ತೇನಾದ್ರೂ ಹೆಚ್ಚು ಕಮ್ಮಿ ಆದ್ರೆ ಮತ್ತೆ ಹೆಣಾನೇ. ನಿನ್ ಬಾಯಿಗೆ ಬೀಗ ಹಾಕ್ಬೇಕು."

ಕುಂಟೆಬಿಲ್ಲೆ ಆಡಲು ಹೋದೆ, ಆಡಲಾಗಲಿಲ್ಲ. ಹಿತ್ತಲಿಗೆ ಹೋದೆ, ಒಳಗೆ ಬಂದೆ. ಅಪ್ಪ ಅಂಗಳದಲ್ಲಿ ಓಡಾಡುತ್ತಿದ್ದರೆ ನಾನು ಮನೆಯೊಳಗೆ ಓಡಾಡುತ್ತಿದ್ದೆ. ಅಮ್ಮ ಇಬ್ಬರನ್ನೂ ನೋಡಿ, "ಎಲ್ಲಾದ್ರೂ ಒಂದ್ ಕಡೆ ಕೂತ್ಕೊಳ್ರಪ್ಪಾ, ನನ್ಗೆ ತಲೆ ತಿರುಗ್ತಿದೆ" ಎಂದು ಗದರಿದರು.

ಮಧ್ಯಾಹ್ನದ ಬಿಸಿಲಿಗೆ ಹಂಚು ಕಾಯುತ್ತಿದ್ದಾಗ ಅಪ್ಪ ಸೈಕಲ್ಲು ತೆಗೆದರು. ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ನನ್ನ ಜೊತೆ ಮಾತಾಡಿದರು. "ಬಾ, ಹಲಸೂರಿಗೆ ಹೋಗ್ಬರೋಣ."

"ಯಾಕಪ್ಪಾ?"

"ಸಿನಿಮಾಕ್ಕೆ."

ಅಮ್ಮ ಬಾಯಿ ತೆರೆದವರು ಹಾಗೆಯೇ ನಿಂತರು. ಸಂಜೆ ನಾಟಕ ಇಟ್ಟುಕೊಂಡು ಯಾರಾದರೂ ಮ್ಯಾಟಿನಿಗೆ ಹೋಗುತ್ತಾರೆಯೇ? ನಾನು ಮುಂದಿನ ಕಂಬಿಯ ಮೇಲೆ ಹತ್ತಿ ಕೂತೆ. ಆಗ ಇಂದಿರಾನಗರದ ಕಡೆ ಮನೆಗಳು ಕಡಿಮೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ಸುತ್ತ ಹುಲ್ಲು ಒಣಗಿತ್ತು. ಅಪ್ಪ ಎಷ್ಟು ಜೋರಾಗಿ ತುಳಿಯುತ್ತಿದ್ದರೆಂದರೆ ನನ್ನ ಕಣ್ಣಿಗೆ ಧೂಳು ಹೊಡೆಯುತ್ತಿತ್ತು.

ಟಾಕೀಸಿನ ಒಳಗೆ ಕಡಲೆಕಾಯಿ ಸಿಪ್ಪೆ, ಬೀಡಿ ಹೊಗೆ, ಬೆವರಿನ ವಾಸನೆ. ತಮಿಳು ಸಿನಿಮಾ. ನಮ್ಮ ಬೀದಿಯಲ್ಲಿ ಅರ್ಧ ಮನೆಗಳಲ್ಲಿ ತಮಿಳಾಡುತ್ತಿದ್ದರಿಂದ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮಗಳ ಮದುವೆ ಮುರಿದುಬಿದ್ದ ತಂದೆಯೊಬ್ಬ ಚಪ್ಪರದಡಿಯಲ್ಲಿ ಒಬ್ಬನೇ ನಿಲ್ಲುವ ದೃಶ್ಯ ಬಂತು. ಅಪ್ಪ ನನ್ನ ಕಿವಿಗೆ ಬಗ್ಗಿ, "ಇವ್ನು ಚೆನ್ನಾಗಿ ಮಾಡ್ದನಾ?" ಎಂದರು.

ಅಕ್ಕನ ಮಾತು ನೆನಪಾಗಿ ನಾನು ಬಾಯಿ ಬಿಗಿದುಕೊಂಡೆ.

"ಹೇಳು. ಬೈಯಲ್ಲ."

"ಚೆನ್ನಾಗಿ ಮಾಡ್ದ. ಆದ್ರೆ ಡೈರೆಕ್ಟರ್ ಕೆಡಿಸ್ಬಿಟ್ಟ. ಅವ್ನು ಸುಮ್ನೆ ನಿಂತಿದ್ದಾಗ ಪಿಟೀಲು ಕುಯ್ಯಿಸ್ಬಾರ್ದಿತ್ತು."

"ಮಗಳ ಪಾರ್ಟು ಮಾಡಿರೋ ಇವಳು?"

"ಇವಳು ಅಳೋ ಮುಂಚೆ ಕ್ಯಾಮೆರಾ ಎಲ್ಲಿದೆ ಅಂತ ನೋಡ್ತಾಳೆ ಅಪ್ಪಾ. ನೋಡು, ಈಗ ನೋಡಿದ್ಲು."

ಕತ್ತಲಲ್ಲಿ ಅಪ್ಪ ಸಣ್ಣಗೆ ನಕ್ಕಿದ್ದು ಕೇಳಿಸಿತು. ಇಂಟರ್‌ವಲ್‌ಗೆ ದೀಪ ಹತ್ತಿಕೊಂಡಾಗ ಅವರು ನಗುತ್ತಿರಲಿಲ್ಲ. ಖಾಲಿ ತೆರೆಯನ್ನೇ ನೋಡುತ್ತಾ ಹೇಳಿದರು, "ಅವನ ಮುಖ ನಮ್ಮ ಮನೆ ಗೋಡೆಗಿಂತ ದೊಡ್ಡದಾಗಿ ಕಾಣುತ್ತಮ್ಮಾ. ಅವನು ರೆಪ್ಪೆ ಬಡಿದ್ರೂ ಸಾಕು. ನನ್ ಮುಖ ಕೊನೇ ಸಾಲಿನೋರಿಗೆ ಹೆಸರುಕಾಳಷ್ಟು ಕಾಣುತ್ತೆ. ನಾನು ಕಿರುಚದೆ ಇನ್ನೇನ್ ಮಾಡ್ಲಿ?"

ಸಿನಿಮಾಗಳ ಬಗ್ಗೆ ಅಷ್ಟೆಲ್ಲ ಮಾತಾಡುತ್ತಿದ್ದ ನನಗೆ ಆ ಸಂಗತಿ ಹೊಳೆದೇ ಇರಲಿಲ್ಲ. ಅಪ್ಪ ಎದ್ದರು. ಉಳಿದರ್ಧ ಸಿನಿಮಾ ನೋಡಲು ಅವರಿಂದಾಗಲಿಲ್ಲ.

ಸಂಜೆ ತಿಪ್ಪಸಂದ್ರದ ಮೈದಾನದಲ್ಲಿ ಹಲಗೆ ಹಾಸಿದ ರಂಗ, ಬಣ್ಣದ ಪರದೆ, ಮೇಲಿಂದ ಇಳಿಬಿಟ್ಟ ಒಂದೇ ಒಂದು ಮೈಕು. ಮುಂದೆ ಚಾಪೆಯ ಮೇಲೆ ನಾವು ಮಕ್ಕಳು, ಆಮೇಲೆ ಕುರ್ಚಿಗಳು, ಕೊನೆಯಲ್ಲಿ ನಿಂತುಕೊಂಡೇ ನೋಡುವ ಗಂಡಸರ ಗುಂಪು. ಅಪ್ಪನ ತಲೆಗೆ ಬಿಳಿ ಪುಡಿ ಹಚ್ಚಿ, ಮುಖಕ್ಕೆ ಸುಕ್ಕಿನ ಗೆರೆ ಎಳೆದು, ದಪ್ಪ ಕನ್ನಡಕ ಹಾಕಿದ್ದರು. ಮೊದಲ ಅಂಕದಲ್ಲಿ ಅವರು ಕಲಿಸಿಕೊಟ್ಟಂತೆಯೇ ಕೈ ಬೀಸಿದರು, ಜೋರಾಗಿ ಮಾತಾಡಿದರು. ಎರಡನೆಯದೂ ಹಾಗೆಯೇ. ಜನ ನಕ್ಕರು, ಶಿಳ್ಳೆ ಹೊಡೆದರು.

ಕೊನೆಯ ದೃಶ್ಯ ಬಂತು. ಮಗನ ಪಾತ್ರದವನು ಅಲಾರಂ ಗಡಿಯಾರವೊಂದನ್ನು ಅಪ್ಪನ ಕೈಗಿಟ್ಟು, "ಟೈಮ್ ಎಷ್ಟಪ್ಪಾ?" ಎಂದ. ಈಗ ಕಿರುಚಬೇಕು. ಅಪ್ಪ ಕಿರುಚಲಿಲ್ಲ. ಗಡಿಯಾರವನ್ನು ಸವರುತ್ತಾ ನಿಂತರು. ತುಟಿ ಅಲ್ಲಾಡಿತು. ಏನೋ ಹೇಳಿದರು, ಚಾಪೆಯ ಮೇಲಿದ್ದ ನನಗೂ ಕೇಳಿಸಲಿಲ್ಲ.

"ಕೇಳ್ಸಲ್ಲಾ! ಜೋರಾಗ್ ಹೇಳೋ ಮುದುಕಪ್ಪಾ!" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗೆ ಎದ್ದಿತು. ಪರದೆಯ ಮರೆಯಿಂದ ಡೈರೆಕ್ಟರ್ ಮಾಮ, "ಕಿರುಚೋ! ಕಿರುಚಿ ಬೀಳೋ!" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದುದು ಮುಂದಿದ್ದವರಿಗೆಲ್ಲ ಕೇಳಿಸಿತು. ಅಕ್ಕ ನನ್ನ ರಟ್ಟೆ ಹಿಡಿದಳು. ಅವಳ ಉಗುರು ನಾಟುತ್ತಿತ್ತು. ಎಲ್ಲ ಮುಗಿಯಿತು, ಇದೆಲ್ಲ ನನ್ನಿಂದಲೇ ಎಂದುಕೊಂಡೆ.

ಆಗ ಅಪ್ಪ ರಂಗದ ಅಂಚಿಗೆ ಬಂದರು. ಕಾಲಿನಿಂದ ತಡಕಾಡಿ ಮೆಟ್ಟಿಲು ಹುಡುಕಿ ಕೆಳಗಿಳಿದರು. ಜನರ ನಡುವಿನ ದಾರಿಯಲ್ಲಿ ಬಂದು, ಮೊದಲ ಕುರ್ಚಿಯಲ್ಲಿದ್ದ ಅಜ್ಜಿಯ ಮುಂದೆ ಗಡಿಯಾರ ಹಿಡಿದು, ನಮ್ಮ ಮನೆಯಲ್ಲಿ ಮಾತಾಡುವ ದನಿಯಲ್ಲೇ ಕೇಳಿದರು, "ಅಮ್ಮಾ, ಇದ್ರಲ್ಲಿ ಗಂಟೆ ಎಷ್ಟಾಯ್ತು, ಸ್ವಲ್ಪ ಹೇಳ್ತೀರಾ?"

ಆ ಅಜ್ಜಿ ನಿಜವೆಂದೇ ತಿಳಿದು, "ನನ್ಗೆ ಗಡಿಯಾರ ನೋಡಕ್ ಬರಲ್ಲಪ್ಪಾ" ಎಂದರು.

ಯಾರೂ ನಗಲಿಲ್ಲ. ಮೈಕಿಲ್ಲದ ಮಾತು ಕೇಳಬೇಕೆಂದು ಇಡೀ ಮೈದಾನ ತಾನಾಗಿಯೇ ಸುಮ್ಮನಾಗಿತ್ತು. ದೂರದಲ್ಲಿ ಬಸ್ಸೊಂದು ಗೇರು ಬದಲಾಯಿಸಿದ್ದು ಕೇಳಿಸಿತು. ಅಪ್ಪ ಮುಂದೆ ಹೋದರು. ಇನ್ನೊಬ್ಬರನ್ನು ಕೇಳಿದರು. ಅವರು ಮುಖ ತಗ್ಗಿಸಿದರು. ಅಪ್ಪ ಕುರ್ಚಿಗಳನ್ನು ದಾಟಿ, ನಿಂತಿದ್ದ ಗಂಡಸರ ತನಕ ಹೋದರು. ಕೂಗಿದವನು ಅಲ್ಲೇ ಇದ್ದ. ಗಡಿಯಾರ ಅವನ ಕೈಗೆ ಹೋಯಿತು. ಅವನು ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದ, "ನಿಂತ್ಹೋಗಿದೆ ಅಣ್ಣಾ."

"ನಿಂತಿದ್ಯಾ?" ಎಂದರು ಅಪ್ಪ. "ನಾನು ಓಡ್ತಿದೆ ಅಂದ್ಕೊಂಡಿದ್ದೆ."

ಅಷ್ಟೇ. ಅದು ನಾಟಕದಲ್ಲಿ ಬರೆದ ಮಾತಲ್ಲ. ಏನು ಮಾಡುವುದೆಂದು ತೋಚದೆ ಡೈರೆಕ್ಟರ್ ಮಾಮ ಪರದೆ ಇಳಿಸಿಬಿಟ್ಟರು. ಪರದೆ ಅಲ್ಲಿ, ನಾಯಕ ಇಲ್ಲಿ, ಮೈದಾನದ ಕೊನೆಯಲ್ಲಿ! ಅಪ್ಪ ಕನ್ನಡಕ ತೆಗೆದು, ಚಪ್ಪಾಳೆಯ ನಡುವೆ ನಾಚಿಕೊಂಡು ಅಷ್ಟೂ ದಾರಿ ನಡೆದು ಬರಬೇಕಾಯಿತು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಕ್ಕನೂ ಅಳುತ್ತಿದ್ದಳು, ಆದರೆ ಇಲ್ಲ ಎನ್ನುತ್ತಿದ್ದಳು.

ಡೈರೆಕ್ಟರ್ ಮಾಮನಿಗೆ ತುಂಬಾ ಕೋಪ ಬಂದಿತ್ತು. "ನಾಟಕ ಅಂದ್ರೆ ಶಿಸ್ತು ಕಣಯ್ಯಾ. ನಿನ್ನಿಷ್ಟ ಬಂದ ಕಡೆ ಹೋಗಕ್ಕೆ ಇದೇನು ಸಂತೇನಾ?" ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಮಗನ ಪಾತ್ರದವನು ಪಾಪ, ರಂಗದ ಮೇಲೆ ಒಬ್ಬನೇ ಕಂಬದ ಹಾಗೆ ನಿಂತಿದ್ದ. ಅಪ್ಪ, "ಏನ್ ಮಾಡ್ಲಿ, ಬೆಳಗ್ಗಿಂದ ಕಾಲು ಒಂದ್ ಕಡೆ ನಿಲ್ತಾನೇ ಇಲ್ಲ" ಎಂದರು. ಮುಂದಿನ ವರ್ಷ ಅಪ್ಪನಿಗೆ ಮತ್ತೆ ಅಂಚೆಯವನ ಪಾತ್ರವೇ ಸಿಕ್ಕಿತು. ಆದರೆ ಬಹಳ ದಿನಗಳವರೆಗೆ ಸಂತೆಬೀದಿಯಲ್ಲಿ ಜನ ಅಪ್ಪನನ್ನು ನಿಲ್ಲಿಸಿ, ತಮ್ಮ ಕೈಗಡಿಯಾರ ತೋರಿಸಿ, "ಗಂಟೆ ಎಷ್ಟಣ್ಣಾ?" ಎಂದು ಪ್ರೀತಿಯಿಂದ ಕೇಳುತ್ತಿದ್ದರು.

ಆ ದಿನ ಮನೆಗೆ ನಡೆದು ಬರುವಾಗ ಅಮ್ಮ, "ಕಿರುಚಿ ಬೀಳೋದನ್ನ ಇಟ್ಕೊಂಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಕಣ್ರೀ" ಎಂದರು. ಅಪ್ಪ ನನ್ನ ಕಡೆ ತಿರುಗಿ, "ನೀನೇನಂತೀಯಮ್ಮಾ?" ಎಂದರು. ಅಕ್ಕ ಹಿಂದಿನಿಂದ ನನ್ನ ಜಡೆ ಹಿಡಿದಳು. ಆದರೂ ಹೇಳಿದೆ, "ಕೊನೇದು ತುಂಬಾ ಚೆನ್ನಾಗಿತ್ತು. ಮೊದಲನೇ ಅಂಕದಲ್ಲಿ ಮಾತ್ರ ನೊಣ ಓಡ್ಸೋ ಹಾಗೆ ಕೈ ಬೀಸ್ದೆ." ಅಪ್ಪ ಆ ಇಡೀ ದಿನದಲ್ಲಿ ಮೊದಲ ಬಾರಿಗೆ ಬಾಯಿ ತುಂಬಾ ನಕ್ಕರು. ಮನೆಗೆ ಬಂದು ಬೆಳಗಿನ ತಣ್ಣನೆಯ ಉಪ್ಪಿಟ್ಟನ್ನೇ ಹಾಕಿಸಿಕೊಂಡು ತಿಂದರು.

ಈಗ ಹೊರಮಾವಿನ ಈ ಮನೆಯಲ್ಲಿ ನೀವು ಮಕ್ಕಳು ಮೊಮ್ಮಕ್ಕಳೆಲ್ಲ ಸೋಫಾದ ಮೇಲೆ ಕಾಲು ಚಾಚಿಕೊಂಡು ಟಿವಿಯಲ್ಲಿ ಕೊರಿಯಾದ ನಾಟಕ, ಟರ್ಕಿಯ ನಾಟಕ, ಇನ್ನೆಲ್ಲಿಯದೋ ನಾಟಕ ನೋಡುತ್ತೀರಿ. ನನಗೂ ಇಷ್ಟವೇ. ಕೊರಿಯಾದವರು ಊಟದ ದೃಶ್ಯ ಬಹಳ ಚೆನ್ನಾಗಿ ತೆಗೆಯುತ್ತಾರೆ, ಆದರೆ ಹೀರೋ ಹಿಂತಿರುಗಿ ನೋಡುವುದನ್ನು ಮೂರು ಸಲ ತೋರಿಸುವುದು ಯಾಕೋ ನನಗೆ ತಿಳಿಯದು. ಬೇಸರವಾದರೆ ನೀವು ಮುಂದಕ್ಕೆ ಓಡಿಸುತ್ತೀರಿ, ಇಲ್ಲವೇ ಇನ್ನೊಂದಕ್ಕೆ ಹಾರುತ್ತೀರಿ. ಚೆನ್ನಾಗಿಲ್ಲ ಎಂದು ಫೋನಿನಲ್ಲಿ ಬರೆದು ಹಾಕುತ್ತೀರಿ. ಆ ನಟ ಎಲ್ಲೋ ದೂರದಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ನಾನು ಚೆನ್ನಾಗಿಲ್ಲ ಎಂದ ನಟ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು.

ಇನ್ನೊಂದು ವ್ಯತ್ಯಾಸವನ್ನು ನಾನು ನಿನ್ನೆ ಕಂಡೆ. ನಮ್ಮ ಪುಟ್ಟಿ ಶಾಲೆಯ ನಾಟಕದಲ್ಲಿ ಡಾಕ್ಟರಾಗುತ್ತಿದ್ದಾಳೆ. ಅವಳು ತನ್ನ ಮಾತನ್ನು ತಾನೇ ಫೋನಿನಲ್ಲಿ ಹಿಡಿದು, ನೋಡಿ, ಮುಖ ಹುಳ್ಳಗೆ ಮಾಡಿ ಅಳಿಸಿದಳು. ಮತ್ತೆ ಹಿಡಿದಳು, ಮತ್ತೆ ಅಳಿಸಿದಳು. ಅಪ್ಪ ತಾವು ಅಭಿನಯಿಸಿದ್ದನ್ನು ಜೀವಮಾನದಲ್ಲಿ ಒಮ್ಮೆಯೂ ನೋಡಲಿಲ್ಲ. ಹೇಗಿತ್ತು ಎಂದು ಬೇರೆಯವರ ಮುಖ ನೋಡಿಯೇ ತಿಳಿಯಬೇಕಿತ್ತು.

"ಫೋನ್ ಆ ಕಡೆ ಇಟ್ಟು ಒಂದ್ಸಲ ಮಾಡು, ನಾನ್ ನೋಡ್ತೀನಿ" ಎಂದೆ.

"ನೀನು ಏನಾದ್ರೂ ಅಂತೀಯ ಅಜ್ಜಿ."

"ಅಂತೀನಿ. ಅದಕ್ಕೇ ತಾನೇ ಕೂತಿರೋದು?"

ಪುಟ್ಟಿ ಫೋನನ್ನು ಮಗುಚಿ ಮೇಜಿನ ಮೇಲಿಟ್ಟು, ನನ್ನ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡಳು.