ಒಂದೇ ಕೂಗು

ಮಾರ್ಟಳ್ಳಿಯ ಕಡೆಯಿಂದ ಬೆಟ್ಟ ಹತ್ತುವ ರಸ್ತೆಯೊಂದು ನೋಟದರೆಯ ಬಳಿ ಮುಗಿಯುತ್ತದೆ. ಅರೆಯೆಂದರೆ ಹಾಸುಬಂಡೆ. ಅದರ ತುದಿಯಿಂದಾಚೆ ನೆಲವಿಲ್ಲ, ಕೆಳಗೆ ಕಣಿವೆಯ ಕಾಡು. ಅರೆಯ ಪಕ್ಕದ ಊರಿನ ದನಗಳು ಬೇಸಿಗೆಯಲ್ಲಿ ಮೇಯುವುದು ಆ ಕಾಡಿನಲ್ಲೇ. ಅಲ್ಲಿ ಮುಳ್ಳುಬೇಲಿ ಕಟ್ಟಿದ ದೊಡ್ಡಿಯೊಂದಿದೆ. ದನಗಳ ಜೊತೆ ಯಾರಾದರೊಬ್ಬರು ಅಲ್ಲಿಯೇ ಉಳಿಯಬೇಕು. ಹಿಂದೆ ಮನೆಮನೆಯವರು ಸರದಿಯಂತೆ ಉಳಿಯುತ್ತಿದ್ದರು. ಈಚೆಗೆ ಆ ಕೆಲಸಕ್ಕೆ ಉಳಿದಿದ್ದವರು ಚಿಕ್ಕಮಾದಯ್ಯ ಒಬ್ಬರೇ. ಅವರಿಗೆ ರಾಗಿಹಿಟ್ಟು, ಉಪ್ಪು, ಬೀಡಿ ಹೊತ್ತು ಇಳಿದು ಹತ್ತುತ್ತಿದ್ದವರು ಹೆಂಡತಿ ಚಾಮುಂಡಮ್ಮ.

ಚಾಮುಂಡಮ್ಮನವರಿಗೆ ಐವತ್ತು ದಾಟಿದೆ. ಮುಳ್ಳೂರಿನ ಬಯಲಿನಿಂದ ಮದುವೆಯಾಗಿ ಬಂದವರು. ಬಂದ ಹೊಸತರಲ್ಲಿ ಅರೆಯ ಮೇಲೆ ನಿಲ್ಲಲು ಹೆದರಿ, ಕುಳಿತು ತೆವಳಿಕೊಂಡು ಹೋಗಿ ಇಣುಕುತ್ತಿದ್ದರಂತೆ. ಇಳಿಯುವ ದಾರಿಗಿಂತ ಮೊದಲು ಅತ್ತೆ ರಾಮಮ್ಮ ಅವರಿಗೆ ಕಲಿಸಿದ್ದು ಓಗೊಡುವ ಕ್ರಮವನ್ನು. ಕಣಿವೆಯಿಂದ ಯಾರು ಕೂಗಿದರೂ ಮೂರನೆಯ ಕೂಗಿನವರೆಗೆ ಬಾಯಿ ಬಿಡಬಾರದು. ಒಂದೇ ಸಲ ಕೂಗಿ ಸುಮ್ಮನಾದರೆ ಅದು ಅರೆಯಿಂದ ಬಿದ್ದು ಸತ್ತವರ ಕೂಗು. ಆ ದಿನ ಊರಿನವರು ಯಾರೂ ಕೆಳಗೆ ಇಳಿಯುವುದಿಲ್ಲ. "ಸತ್ತೋರ್ಗೆ ಒಂದ್ ಕೂಗ್ಗೆ ಆಗೋಷ್ಟೆ ಉಸ್ರು ಇರೋದು ಕನವ್ವ" ಎಂದು ರಾಮಮ್ಮ ಹೇಳುತ್ತಿದ್ದರು. ದೊಡ್ಡಿಯಲ್ಲಿ ಉಳಿಯುವವರೂ ಇದೇ ಕ್ರಮದವರು. ಯಾರೇ ಕರೆದರೂ ಮೂರು ಸಲ ಕೇಳದೆ ಓಗೊಡುವುದಿಲ್ಲ.

ಮುಂದಿನ ಸಂಗತಿಯನ್ನು ಚಾಮುಂಡಮ್ಮನವರೂ ಅವರ ಮೈದುನ ಶಾಂತರಾಜುವೂ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಒಂದಕ್ಕೊಂದು ಹೊಂದುವಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಾಮುಂಡಮ್ಮ ಅರೆಯ ಮೇಲೆ ಸೌದೆ ಒಣಹಾಕುತ್ತಿದ್ದರು. ದೊಡ್ಡಿಯ ಒಲೆಯಿಂದ ದಿನವೂ ಏಳುವ ಹೊಗೆ ಅಂದು ಎದ್ದಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ "ಚಾಮೂ" ಎಂಬ ಕೂಗು ಬಂತು. ಗಂಡನ ದನಿ. ಓಗೊಡಲು ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ಎರಡನೆಯದಕ್ಕೆ ಕಾದರು. ಬಿಸಿಲು ಏರಿ ಬಂಡೆ ಕಾಲು ಸುಡುವವರೆಗೂ ಕಾದರು. ಅದು ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ರಾಮಮ್ಮ ಬಾಗಿಲಿಗೆ ಅಡ್ಡ ಕುಳಿತರು. ಸೊಸೆಯನ್ನು ಕರೆಸಿಕೊಳ್ಳಲೆಂದೇ ಸತ್ತವರು ಯಾರೋ ಮಗನ ದನಿಯಲ್ಲಿ ಕೂಗಿದ್ದಾರೆ ಎಂದರು. ನೆರೆಹೊರೆಯವರು ನಾಳೆ ನೋಡೋಣವೆಂದರು. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಚಾಮುಂಡಮ್ಮ ವಾದಿಸಲಿಲ್ಲ, ಹಿತ್ತಿಲ ಬಾಗಿಲಿನಿಂದ ಹೊರಟರು. ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೊ ಓಡಿಸುವ ಶಾಂತರಾಜು ತಾಯಿಯನ್ನು ನೋಡಲು ಬಂದಿದ್ದ. ಅತ್ತಿಗೆಯನ್ನು ತಡೆಯಲೆಂದು ಬೆನ್ನು ಹತ್ತಿದವನು, ಅವರು ಆಗಲೇ ಇಳಿಯತೊಡಗಿದ್ದನ್ನು ಕಂಡು ತಾನೂ ಇಳಿದ. ತಲೆಯೆತ್ತಿ ಅವನನ್ನು ನೋಡಿದ ಚಾಮುಂಡಮ್ಮನವರ ಕಣ್ಣಿಗೆ ಮೊದಲು ಬಿದ್ದದ್ದು ಅವನ ಬಿಳಿ ಅಂಗಿ.

"ಓಟ್ ಕೇಳಕ್ ಬಂದಿದ್ದೀಯೇನ್ಲಾ? ಬಿಚ್ಚು ಅದ. ಆನೆ ಆಚೆ ಬೆಟ್ಟದಿಂದ್ಲೂ ನೋಡ್ತದೆ."

ಅವನು ಅಂಗಿ ಬಿಚ್ಚಿ ಪೊದೆಯೊಳಗೆ ತುರುಕಿದ.

ದಾರಿಯ ಮೊದಲ ಭಾಗ ಬಂಡೆಯ ಸೀಳು. ಮುಖವನ್ನು ಬಂಡೆಗೆ ಮಾಡಿ, ಬೇರು ಹಿಡಿದು, ಕಾಲಿಗೆ ನೆಲ ತಾಗಿದ ಮೇಲೆಯೇ ಕೈ ಬಿಡಬೇಕು. ಅದರ ಕೆಳಗೆ ಸಡಿಲ ಕಲ್ಲುಗಳ ಇಳಿಜಾರು. ಕಾಲು ತಾಗಿ ಉರುಳಿದ ಕಲ್ಲಿನ ಸದ್ದು ಬಹಳ ಹೊತ್ತು ಕೇಳುತ್ತದೆ, ಎಲ್ಲಿ ನಿಂತಿತೆಂದು ತಿಳಿಯುವುದಿಲ್ಲ. ದಿಂಡಿಗದ ಮರಗಳು ಎಲೆ ಉದುರಿಸಿಕೊಂಡು ನಿಂತಿದ್ದವು. ಅರ್ಧ ಇಳಿದಾಗ ಮನೆಯ ಹಸುವೊಂದು ಒಂಟಿಯಾಗಿ ಎದುರು ಬಂತು. ಚಾಮುಂಡಮ್ಮ ಕರೆದರೂ ನಿಲ್ಲದೆ ಅವರ ಮೈಗೆ ಉಜ್ಜಿಕೊಂಡೇ ಹತ್ತಿಹೋಯಿತು. ಅದರ ಒಂದು ಕೊಂಬು ಮುರಿದಿತ್ತು.

"ತಿರುಗ್ಕಂಡು ಓಗಣ ಅತ್ತಿಗವ್ವ. ಜನ ಕರ್ಕಂಡು ಬರಣ."

"ಇವತ್ತು ಯಾರ್ಲಾ ಬತ್ತರೆ?"

ಚಾಮುಂಡಮ್ಮ ಮತ್ತೆ ಇಳಿಯತೊಡಗಿದರು.

ಬಿದಿರು ಶುರುವಾದ ಮೇಲೆ ಬೆಳಕು ಕಡಿಮೆಯಾಯಿತು. ಮುರಿದ ಬಿದಿರುಗಳು ದಾರಿಗೆ ಅಡ್ಡ ಬಿದ್ದಿದ್ದವು, ಮುರಿದ ಕಡೆ ಇನ್ನೂ ಹಸಿಯಾಗಿತ್ತು. ದೊಡ್ಡಿಯ ಬೇಲಿ ಒಂದು ಬದಿಗೆ ಮಲಗಿತ್ತು. ಒಳಗೆ ದನಗಳಿರಲಿಲ್ಲ. ಚೀಲ ಹರಿದು ರಾಗಿಹಿಟ್ಟು ನೆಲದ ತುಂಬ ಚೆಲ್ಲಿತ್ತು; ಅದರ ಮೇಲೆ ಮೊರದಗಲದ ಹೆಜ್ಜೆಗಳು. ಒಲೆಯ ಬೂದಿ ತಣ್ಣಗಿತ್ತು. ಚಿಕ್ಕಮಾದಯ್ಯನವರ ಒಂದು ಚಪ್ಪಲಿ ಹಳ್ಳದ ದಾರಿಯಲ್ಲಿ ಬಿದ್ದಿತ್ತು.

ಆ ಕಡೆಗೆ ಹೆಜ್ಜೆಯಿಡುವಷ್ಟರಲ್ಲಿ ಹಳ್ಳದಾಚೆಯ ಮೆಳೆಯಲ್ಲಿ ಬಿದಿರು ಸೀಳಿದ ಸದ್ದಾಯಿತು. ಇಬ್ಬರೂ ನೆಲಕ್ಕೆ ಕುಳಿತರು. ಆನೆ ದೂರ ಹೋಗಿರಲಿಲ್ಲ, ಅಲ್ಲಿಯೇ ಮೇಯುತ್ತಿತ್ತು. ಚಿಕ್ಕಮಾದಯ್ಯ ಬದುಕಿದ್ದರೆ ಯಾವುದೋ ಬಂಡೆಯ ಸಂದಿನಲ್ಲಿರಬೇಕು. ಸುತ್ತ ನೋಡಿದಲ್ಲೆಲ್ಲ ಬಂಡೆಗಳೇ. ಹುಡುಕಿ ತೀರುವುದಲ್ಲ, ಕೂಗಿಯೇ ತಿಳಿಯಬೇಕು. ಒಂದು ಸಲ ಕೂಗಿದರೆ ಅವರು ಓಗೊಡುವುದಿಲ್ಲ. ಮೂರು ಸಲ ಕೂಗಿದರೆ ಇವರಿರುವ ಜಾಗ ಆನೆಗೆ ತಿಳಿಯುತ್ತದೆ. ಶಾಂತರಾಜು ಅತ್ತಿಗೆಯ ಕೈ ಹಿಡಿದು ಬೇಡವೆಂದು ತಲೆಯಾಡಿಸಿದ.

ಚಾಮುಂಡಮ್ಮ ಕೈ ಬಿಡಿಸಿಕೊಂಡು ಎದ್ದು ನಿಂತರು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವರಲ್ಲ, ಮಗಳ ಹೆಸರು ಹಿಡಿದೇ ಕರೆಯುವುದು.

"ರೂಪನಪ್ಪೋ..."

ಬಿದಿರು ಮುರಿಯುವ ಸದ್ದು ನಿಂತಿತು.

ಎರಡನೆಯ ಸಲ ಕೂಗಿದರು. ಮೆಳೆಯ ತುದಿಗಳು ಇವರ ಕಡೆಗೆ ಅಲುಗಿದವು. ಓಡಬೇಕಾದ ದಿಕ್ಕನ್ನು ಶಾಂತರಾಜು ಅಷ್ಟರಲ್ಲಿ ಗೊತ್ತುಮಾಡಿಕೊಂಡಿದ್ದನಂತೆ. ಮೂರನೆಯ ಕೂಗಿನಲ್ಲಿ ಚಾಮುಂಡಮ್ಮನವರ ದನಿ ಒಡೆಯಿತು.

ಕಲ್ಲಿಗೆ ಕಲ್ಲು ಕುಟ್ಟಿದ ಸದ್ದು ಬಂತು. ಬಂದದ್ದು ಬೆನ್ನ ಹಿಂದಿನಿಂದ, ಇವರು ಇಳಿದು ಬಂದಿದ್ದ ದಾರಿಯ ಕಡೆಯಿಂದ. ಚಿಕ್ಕಮಾದಯ್ಯ ಇಳಿಜಾರಿನ ಬುಡದವರೆಗೆ ತೆವಳಿ, ಬಂಡೆಯ ಸಂದಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದವರು, ಕೂಗಿಗೆ ಎಚ್ಚರಗೊಂಡು ಕಲ್ಲು ಕುಟ್ಟಿದ್ದರು. ಇವರು ಅವರ ಪಕ್ಕದಲ್ಲೇ ಹಾದು ಬಂದಿದ್ದರು. ಇಬ್ಬರೂ ಓಡಿ ಅದೇ ಸಂದಿಗೆ ನುಗ್ಗಿದರು. ಆನೆ ಹಳ್ಳ ದಾಟಿ ದೊಡ್ಡಿಗೆ ಬಂದು, ಚೆಲ್ಲಿದ ಹಿಟ್ಟಿನ ಮೇಲೆ ನಿಂತಿತು. ಅದರ ಉಸಿರು ಕೇಳುತ್ತಿತ್ತು. ಬಿಸಿಲು ಕಣಿವೆಯನ್ನು ಬಿಟ್ಟ ಮೇಲೆ ಹಳ್ಳದ ಗುಂಟ ಹೊರಟುಹೋಯಿತು.

ಚಿಕ್ಕಮಾದಯ್ಯನವರ ಪಕ್ಕೆಲುಬು ಮುರಿದಿತ್ತು. ಶಾಂತರಾಜು ಅಣ್ಣನನ್ನು ಬೆನ್ನ ಮೇಲೆ ಹೊತ್ತ, ಚಾಮುಂಡಮ್ಮ ಕೆಳಗಿನಿಂದ ಕೈ ಕೊಟ್ಟರು. ಇಳಿಜಾರಿನ ನಡುವೆ ದಣಿವಾರಿಸಿಕೊಳ್ಳಲು ಕುಳಿತಾಗ ಚಿಕ್ಕಮಾದಯ್ಯ ಮೊದಲ ಮಾತು ಆಡಿದರು.

"ಮೂರ್ ದಪ ಕೂಗ್ದೆ. ಯಾಕಮ್ಮಿ ಓ ಅನ್ನಲಿಲ್ಲ?"

"ಒಂದೇ ಕೇಳುಸ್ತು."



"ಅಂಗಾರೆ ನೀನ್ ಬರ್ಬಾರ್ದಾಗಿತ್ತು," ಎಂದರು ಚಿಕ್ಕಮಾದಯ್ಯ.

ಸೀಳಿನ ಬುಡಕ್ಕೆ ಬಂದಾಗ ಕತ್ತಲಾಗುತ್ತಿತ್ತು. ಪಕ್ಕೆಲುಬು ಮುರಿದವರನ್ನು ಅಲ್ಲಿಂದ ಮೇಲಕ್ಕೆ ಸಾಗಿಸಲು ಹಗ್ಗವಿಲ್ಲದೆ ಆಗದು. ಅರೆಯ ಅಂಚಿನಲ್ಲಿ ಜನರ ತಲೆಗಳು ಕಾಣುತ್ತಿದ್ದವು. ಶಾಂತರಾಜು ತಾಯಿಯನ್ನು ಕರೆದು, ಹಗ್ಗ ಬಿಡಿರೆಂದು ಒಮ್ಮೆ ಕೂಗಿ, ಏದುಸಿರಿನಿಂದ ಕುಸಿದು ಕುಳಿತ. ಮೇಲಿದ್ದವರು ಅಲುಗಲಿಲ್ಲ. ಚಾಮುಂಡಮ್ಮ ಬಂಡೆಗೆ ಬೆನ್ನು ಕೊಟ್ಟು, ಉಸಿರು ಕೂಡಿಸಿಕೊಂಡು, ಅತ್ತೆಯನ್ನು ಕರೆದರು. ಆಗಲೂ ಯಾರೂ ಓಗೊಡಲಿಲ್ಲ. ಅವರು ಮತ್ತೊಮ್ಮೆ ಕರೆದ ಮೇಲೆ ಹಗ್ಗ ಇಳಿಯಿತು.