ಈ ಲೆಕ್ಕ ಯಾರ ಕಡೆದು?

ದಬ್ಬಳ ಅಂದರೆ ಗೊತ್ತಲ್ಲ, ಗೋಣಿಚೀಲ ಹೊಲಿಯೋ ದಪ್ಪ ಸೂಜಿ. ಗಾಡಿ ಸೀಟಿಗೆ ರೆಕ್ಸಿನ್ ಹೊಲಿಯುವ ಆ ಹೆಂಗಸಿಗೆ ಜನ ದಬ್ಬಳಕ್ಕ ಅಂತ ಹೆಸರಿಟ್ಟಿದ್ದು ಅವಳ ಕೈ ನೋಡಿ ಅಲ್ಲ, ಬಾಯಿ ಕೇಳಿ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಬಂದವರು ಸದ್ಯ ಬದುಕಿದೆವು ಅಂತ ಮೆಟ್ಟಿಲಿಳಿದು ಹೋದರಂತೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೋಡೆಗೆ ಒರಗಿಸಿದ ಹರಕು ಸೀಟುಗಳು, ಮೂಲೆಯಲ್ಲಿ ಸ್ಪಂಜಿನ ರಾಶಿ, ಉಸಿರೆಳೆದರೆ ಅಂಟಿನ ವಾಸನೆ. ಹಿಂದಿನ ಕೋಣೆಗಳಲ್ಲಿ ತಮ್ಮ, ತಮ್ಮನ ಹೆಂಡತಿ ಮತ್ತು ಅವರ ಏಳು ವರ್ಷದ ಮಗಳು ಚೋಟು.

ತಮ್ಮ ಲಾರಿ ಆಫೀಸಿನಲ್ಲಿ ಗುಮಾಸ್ತ, ಹೆಂಡತಿ ಔಷಧಿ ಅಂಗಡಿಯಲ್ಲಿ. ಹೊರಗೆ ಇಬ್ಬರೂ ಬಂಗಾರದಂಥ ಜನ, ಒಳಗೆ ಹಾವು ಮುಂಗುಸಿ. ಹಾಲು ಉಕ್ಕಿದರೂ ಸಾಕು, ಮಾತು ಇವರಪ್ಪ ಅವರಮ್ಮನ ತನಕ ಹೋಗುತ್ತಿತ್ತು. ದಬ್ಬಳಕ್ಕ ಗೋಡೆಯ ಈಚೆಯಿಂದಲೇ ತಮ್ಮನ ಪರ ಎರಡು ಚುಚ್ಚಿ ಬಿಡುತ್ತಿದ್ದಳು. ಸುಮ್ಮನಿರೋದು ಅವಳ ಜಾಯಮಾನವೇ ಅಲ್ಲ.

ಇಂಥ ಮನೆಯಲ್ಲಿ ಚೋಟು ಓದೋದು ಬಿಟ್ಟಳು. ಪಟಪಟ ಮಗ್ಗಿ ಹೇಳುತ್ತಿದ್ದ ಹುಡುಗಿ, ಈಗ ಪೆನ್ಸಿಲ್ ಹಿಡಿದು ಕೂತರೆ ಕೂತೇ ಇರುತ್ತಾಳೆ. ಟೀಚರ್ ಹೇಳಿಕಳಿಸಿದರು. ನೀನು ಹೋಗು, ನೀನೇ ಹೋಗು ಅಂತ ಗಂಡ ಹೆಂಡತಿ ಕಿತ್ತಾಡುತ್ತಿರುವಾಗ ದಬ್ಬಳಕ್ಕನೇ ಸೆರಗು ಸಿಕ್ಕಿಸಿ ಹೊರಟಳು.

"ಎಲ್ಲ ಪರೀಕ್ಷೇಲೂ ಖಾಲಿ ಹಾಳೆ ಕೊಡ್ತಾಳೆ. ಸೋಮವಾರದ್ದೇ ಕೊನೆ ಪರೀಕ್ಷೆ. ಅದೂ ಖಾಲಿಯಾದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಬೇಕಾಗುತ್ತೆ," ಅಂದರು ಟೀಚರ್.

ಮನೆಗೆ ಬಂದು ಹೇಳಿದ್ದೇ ತಡ, ತಮ್ಮ ಹೆಂಡತಿಯ ಕಡೆ ತಿರುಗಿ, "ನಿಮ್ಮ ಕಡೆ ತಲೆ ಬಂದಿದೆ, ಇನ್ನೇನಾಗುತ್ತೆ," ಅಂದ. "ನಿಮ್ಮ ಕಡೆ ಯಾರು ಓದಿ ಉದ್ಧಾರ ಆಗಿದ್ದಾರೆ ಹೇಳಿ ನೋಡೋಣ," ಅಂತ ಅವಳು ಶುರು ಮಾಡಿದಳು. ದಬ್ಬಳಕ್ಕನಿಗೆ ರೇಗಿಹೋಯಿತು. ಚೋಟುವಿನ ಕೈ ಹಿಡಿದು ಅಂಗಡಿಗೆ ಎಳೆದುಕೊಂಡಳು. "ಸೋಮವಾರದ ತನಕ ಇವಳು ನನ್ನ ಹತ್ರ. ಇಬ್ರಲ್ಲಿ ಯಾರಾದ್ರೂ ಈ ಕೋಣೆಗೆ ಕಾಲಿಟ್ರೆ ಕಾಲಿಗೇ ಹೊಲಿಗೆ ಹಾಕ್ತೀನಿ."

ಮಗುವನ್ನು ಲಾರಿ ಸೀಟಿನ ಮೇಲೆ ಕೂರಿಸಿದಳು. ಗದರಿಸಿದಳು, ಮುದ್ದು ಮಾಡಿದಳು, ಮಿಠಾಯಿಯ ಆಸೆ ತೋರಿಸಿದಳು. ಊಹೂಂ. ಕೊನೆಗೆ ಸೋತು, ನಲವತ್ತೆರಡರಲ್ಲಿ ಹದಿನೇಳು ಕಳಿ ಅಂತ ಬರೆದುಕೊಟ್ಟು ತನ್ನ ಹೊಲಿಗೆಗೆ ಕೂತಳು. ಚೋಟು ಅದನ್ನೇ ದಿಟ್ಟಿಸಿ ನೋಡಿ, ಮೆಲ್ಲಗೆ ಕೇಳಿದಳು.

"ಅತ್ತೆ, ಈ ಲೆಕ್ಕ ಯಾರ ಕಡೆದು?"

"ಯಾರ ಕಡೆದು ಅಂದ್ರೆ?"

"ಸರಿಯಾದ್ರೆ ನಮ್ಮ ಕಡೆ ತಲೆ ಅಂತ ಅಮ್ಮ ಹೇಳ್ತಾಳೆ, ಅಪ್ಪ ಕಿರುಚ್ತಾನೆ. ಅಪ್ಪ ನಮ್ಮ ಕಡೆದು ಅಂದ್ರೆ ಅಮ್ಮ ಅಳ್ತಾಳೆ. ತಪ್ಪಾದ್ರೆ ನಿಂದು ನಿಂದು ಅಂತ ಜಗಳ. ಬರೀದೇ ಇದ್ರೆ ಇಬ್ರೂ ನನಗೊಬ್ಬಳಿಗೇ ಬೈತಾರೆ."

ದಬ್ಬಳಕ್ಕನಿಗೆ ಎದ್ದು ಹೋಗಿ ಇಬ್ಬರ ಕೆನ್ನೆಗೂ ಬಾರಿಸಿ ಬರಬೇಕು ಅನ್ನಿಸಿತು. ತಡೆದುಕೊಂಡಳು. "ಇದು ಯಾರ ಕಡೆದೂ ಅಲ್ಲ ಕಣೆ. ನಿಂದು."

"ನೀನೂ ಯಾರ ಕಡೆದು ಅಂತ ಹೇಳಲ್ವಾ?"

"ಹೇಳಲ್ಲ."

ಚೋಟು ಇಪ್ಪತ್ತೈದು ಅಂತ ಬರೆದಳು. ದಬ್ಬಳಕ್ಕ ಸರಿ ಅಂತಲೂ ಅನ್ನಲಿಲ್ಲ, ಇನ್ನೊಂದು ಲೆಕ್ಕ ಕೊಟ್ಟಳು. ಭಾನುವಾರ ಸಂಜೆಯ ಹೊತ್ತಿಗೆ ಹಾಳೆ ತುಂಬಿತ್ತು, ಒಂದೂ ತಪ್ಪಿರಲಿಲ್ಲ. ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡು ದಬ್ಬಳಕ್ಕನಿಗೆ ದವಡೆಯೇ ನೋಯುತ್ತಿತ್ತು. ಆದರೂ ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು.

ಆಗ ತಮ್ಮನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಹಾಳೆ ನೋಡಿ ಅವಳ ಕಣ್ಣು ತುಂಬಿತು. "ಇವಳೇ ಬರೆದಳಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ವರ್ಷಗಳಿಂದ ಪಳಗಿದ ನಾಲಿಗೆ, ಕೇಳಬೇಕಲ್ಲ. "ಮತ್ತಿನ್ಯಾರು? ನಮ್ಮ ಮನೆ ರಕ್ತ, ಎಲ್ಲಿಗೆ ಹೋಗುತ್ತೆ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ತಮ್ಮನ ಹೆಂಡತಿಯ ಮುಖ ಕಪ್ಪಿಟ್ಟಿತು. ಒಳಗಿನಿಂದ ತಮ್ಮ, "ನಾನು ಹೇಳಿರಲಿಲ್ವಾ," ಅಂತ ನಕ್ಕ. "ಒಂಬತ್ತು ತಿಂಗಳು ಹೊತ್ತವಳು ನಾನು," ಅಂತ ಅವಳು ಅತ್ತ ನುಗ್ಗಿದಳು. ಅಲ್ಲಿಂದ ಮಾತಿಗೆ ಮಾತು ಬೆಳೆದು ಬೀದಿಗೆ ಕೇಳುವಷ್ಟಾಯಿತು.

ಚೋಟು ರಬ್ಬರ್ ತೆಗೆದುಕೊಂಡಳು. ಮೇಲಿನ ಸಾಲಿನಿಂದ ಒಂದೊಂದೇ ಉತ್ತರ ಉಜ್ಜಿ ಅಳಿಸಿ, ಪುಡಿ ಊದಿದಳು.

"ಚೋಟು, ಬೇಡ ಕಣೆ. ತಪ್ಪಾಯ್ತು ನಂದು," ಅಂದಳು ದಬ್ಬಳಕ್ಕ. ಚೋಟು ಕೊನೆಯ ಉತ್ತರ ಅಳಿಸಿ, ಹಾಳೆ ಹಿಡಿದು ಒಳಗೆ ನಡೆದು, ಅಪ್ಪ ಅಮ್ಮನ ನಡುವೆ ನಿಂತು ಅದನ್ನು ಎತ್ತಿ ತೋರಿಸಿದಳು.

"ಯಾಕೆ ಅಳಿಸಿದೆ? ನಿನಗೇನು ಬುದ್ಧಿ ಕೆಟ್ಟಿದೆಯಾ?" ಅಂತ ಅಪ್ಪ ಅಮ್ಮ ಇಬ್ಬರೂ ಒಂದೇ ಬಾಯಲ್ಲಿ ಅವಳನ್ನು ಬೈಯತೊಡಗಿದರು. ಅವರಿಬ್ಬರ ಜಗಳ ನಿಂತುಹೋಯಿತು.